ಜಪಾನಿನ ಟೋಲ್ ರಸ್ತೆಗೆ ಪ್ರಭುಸ್ವಾಮಿಯವರ ಪ್ರದಕ್ಷಿಣೆ

"ಇವತ್ತಿಂದ ನಾನು ಬಸ್ ಹತ್ತಲ್ಲ!" ಎಂದು ಸಾಲಿಗ್ರಾಮದ ಪ್ರಭುಸ್ವಾಮಿಯವರು ಜಪಾನಿನ ನಗೋಯಾ ಊರಿನ ಹೋಟೆಲೊಂದರಲ್ಲಿ, ಬೆಳಗಿನ ತಿಂಡಿಯ ತಟ್ಟೆ ಪಕ್ಕಕ್ಕೆ ತಳ್ಳಿ ಘೋಷಿಸಿದರು. "ಸ್ವಂತ ಕಾರು, ಸ್ವಂತ ಸ್ಟೀರಿಂಗು! ನಿಮ್ಮ ಬಸ್ಸು ಫ್ಯಾಕ್ಟರಿ ಗೇಟಿಗೆ ಬರೋ ಒತ್ಗೆ ನಾನೂ ನಮ್ಮನೆಯವಳೂ ಅಲ್ಲಿ ನಿಂತ್ಕೊಂಡು ಕೈ ಬೀಸಿ ನಿಮ್ಮನ್ನ ಸ್ವಾಗತ ಮಾಡ್ತಿರ್ತೀವಿ. ನೋಡ್ತಾ ಇರಿ!"

ಕೇಳಿಸಿಕೊಂಡವರು ಅವರ ಹಾಗೆಯೇ ಟಿಲ್ಲರ್ ಡೀಲರುಗಳು. ಗದ್ದೆ ಉಳುವ ಪವರ್ ಟಿಲ್ಲರನ್ನು ಆ ವರ್ಷ ಹೆಚ್ಚು ಮಾರಿದವರನ್ನು ಕಂಪನಿಯವರು ಹೆಂಡತಿಯರ ಸಮೇತ ಜಪಾನಿಗೆ ಕರೆತಂದಿದ್ದರು. ಪ್ರವಾಸದ ಮುಖ್ಯ ದಿನ ಅದೇ. ಟಿಲ್ಲರಿನ ಇಂಜಿನ್ ತಯಾರಾಗುವ ಕಾರ್ಖಾನೆಯಲ್ಲಿ ಕಂಪನಿಯ ಅಧ್ಯಕ್ಷರೇ ಗಂಡ ಹೆಂಡತಿ ಇಬ್ಬರನ್ನೂ ವೇದಿಕೆಗೆ ಕರೆದು ಫಲಕ ಕೊಡುವವರಿದ್ದರು. ಜೊತೆಗೆ ನಮ್ಮವರೇ ಮೈಸೂರಿನಿಂದ ಹೊತ್ತು ತಂದ ಪೇಟ, ಶಾಲು. ಆ ಕಾರ್ಖಾನೆಯಿರುವ ಊರಿನ ಹೆಸರನ್ನು ಪ್ರಭುಸ್ವಾಮಿಯವರು ಈಗಲೂ ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ. ಆದ್ದರಿಂದ ನಾವು ಅದನ್ನು ಫ್ಯಾಕ್ಟರಿ ಊರು ಎಂದೇ ಕರೆಯೋಣ.

ಅವರ ಸಿಟ್ಟಿದ್ದದ್ದು ಬಸ್ಸಿನ ಮೇಲಲ್ಲ, ಬಸ್ಸಿನ ಬಾಗಿಲಲ್ಲಿ ಹಳದಿ ಬಾವುಟ ಹಿಡಿದು ನಿಲ್ಲುವ ಟೂರ್ ಮ್ಯಾನೇಜರ್ ಸೋಮಶೇಖರನ ಮೇಲೆ. ಮೈಸೂರಿನ ಹುಡುಗ. ಬಂದಿಳಿದ ದಿನದಿಂದ ತಲೆ ಎಣಿಸುವುದೇ ಅವನ ಕಸುಬು. ಪ್ರಭುಸ್ವಾಮಿಯವರು ಶೌಚಾಲಯಕ್ಕೆ ಹೋದಾಗಲೆಲ್ಲ ಬಸ್ಸಿನ ಮೈಕಿನಲ್ಲಿ, "ಒಬ್ರು ಕಡಿಮೆ ಇದಾರೆ. ಸಾಲಿಗ್ರಾಮದೋರು ಎಲ್ಲಿ? ಸಾಲಿಗ್ರಾಮ, ಸಾಲಿಗ್ರಾಮ!" ಎಂದು ಬಸ್‌ಸ್ಟ್ಯಾಂಡಿನ ಏಜೆಂಟನ ಹಾಗೆ ಕೂಗುತ್ತಿದ್ದ. ಊರಿನಲ್ಲಿ 'ಪ್ರಭಣ್ಣ' ಎಂದು ಜನ ಎದ್ದು ಕುರ್ಚಿ ಬಿಡುವ ಮನುಷ್ಯ! ಇಲ್ಲಿ ಬಾವುಟದ ಹಿಂದೆ ನಡೆದೂ ನಡೆದೂ ಮಂಡಿ ಸೋತಿತ್ತು, ಮನಸ್ಸಂತೂ ಅದಕ್ಕಿಂತ ಮೊದಲೇ ಸೋತಿತ್ತು.

"ಪ್ರಭಣ್ಣ, ದಾರಿ ಗೊತ್ತಾ?" ಎಂದು ಪಿರಿಯಾಪಟ್ಟಣದ ಡೀಲರ್ ಕೃಷ್ಣಕುಮಾರ್ ಮೆಲ್ಲಗೆ ಕೇಳಿದರು. ಟಿಲ್ಲರ್ ಮಾರಾಟದಲ್ಲಿ ಪ್ರಭುಸ್ವಾಮಿಯವರ ಹಿಂದೆ ಕೂದಲೆಳೆಯಷ್ಟೇ ಅಂತರದಲ್ಲಿ ಉಳಿದುಹೋದವರು ಅವರು.

"ಲೋ ಕೃಷ್ಣಕುಮಾರಾ, ಎನ್. ಬೇಗೂರಿನ ಅತ್ರ ಕಾಡಾನೆ ಅಡ್ಡ ನಿಂತಾಗ ಮೈಲಿಗಟ್ಲೆ ರಿವರ್ಸ್ ತೆಗೆದಿರೋನು ಕಣ್ಲಾ ನಾನು. ಹ್ಯಾಂಡ್‌ಪೋಸ್ಟ್‌ನಾಗೆ ನಾಕೂ ಕಡೆಯಿಂದ ಬಸ್ಸು ನುಗ್ಗೋವಾಗ ಲೋಡ್ ಟೆಂಪೋ ತೂರಿಸಿರೋನು. ಉಣಸೂರಿಗೆ ಓಗಿ ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸ್ಕಬಂದಿವ್ನಿ. ಈ ಜಪಾನ್‌ನೋರೂ ನಮ್ಮಂಗೇ ಎಡಗಡೆಗೇ ಓಡಿಸ್ತಾರೆ. ಇನ್ನೇನ್ ಬೇಕು?"

ಈ ವೀರವಾಣಿಯನ್ನು ಕೇಳಿ ಸುಖಪಡದಿದ್ದವರು ಒಬ್ಬರೇ. ಅವರ ಪತ್ನಿ ಸುನಂದಮ್ಮ. ಕೋಳಿ ಕೂಗದ ಆ ದೇಶದಲ್ಲಿ ಕೋಳಿ ಕೂಗುವ ಹೊತ್ತಿಗೇ ಎದ್ದು, ತಲೆಗೆ ನೀರು ಹಾಕಿಕೊಂಡು, ಮಗಳ ಮದುವೆಗೆ ಉಟ್ಟ ಮೈಸೂರು ರೇಷ್ಮೆ ಉಟ್ಟು, ನೆರಿಗೆ ಕೆಡಬಾರದೆಂದು ಕುರ್ಚಿಯ ಅಂಚಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. "ಸುಮ್ಕೆ ಬಸ್ಸಲ್ಲೇ ಓಗುವ ಕಣ್ರೀ," ಎಂದರು. "ಇವತ್ತು ಒಂದಿನ ಬುಟ್ಬುಡಿ. ಸ್ಟೇಜ್ ಅತ್ತೋ ದಿನ ತಡ ಆಗ್ಬಾರ್ದು."

"ತಡನಾ? ನಾವೇ ಮೊದ್ಲು ಕಣೇ!"

ಬಾಡಿಗೆ ಕಾರಿನ ಅಂಗಡಿಯವನು ಬಗ್ಗಿ ನಮಸ್ಕಾರ ಮಾಡಿ, ಇನ್ನೊಮ್ಮೆ ಬಗ್ಗಿ ಬೀಗದ ಕೈ ಕೊಟ್ಟ. ಟೋಲ್ ಗೇಟಿನಲ್ಲಿ ನಿಲ್ಲದೆ ಹೋಗುವ ಕಾರ್ಡು ಬೇಕೇ ಎಂದು ಸನ್ನೆಯಲ್ಲೇ ಕೇಳಿದ. ಪ್ರಭುಸ್ವಾಮಿಯವರು ಜೇಬು ತಟ್ಟಿಕೊಂಡು, ಕೈಯಲ್ಲಿ ನೋಟಿರುವಾಗ ಕಾರ್ಡೇಕೆ ಎಂದು ಅದೇ ಸನ್ನೆಯಲ್ಲಿ ಉತ್ತರ ಕೊಟ್ಟರು. ಕಾರು ಹೊರಟ ಕೂಡಲೇ ಒಳಗಿಂದ ಒಬ್ಬ ಹೆಣ್ಣುಮಗಳು ಜಪಾನಿ ಭಾಷೆಯಲ್ಲಿ ಬಹಳ ವಿನಯದಿಂದ ಮಾತಾಡತೊಡಗಿದಳು.

"ಯಾರ್ರೀ ಅದು?" ಎಂದು ಸುನಂದಮ್ಮ ಬೆಚ್ಚಿದರು.

"ದಾರಿ ಹೇಳೋಳು ಕಣೆ."

"ಪಾಪ. ಹೆಂಗಸ್ರು ಏಳಿದ ದಾರೀಲಿ ನೀವು ಯಾವತ್ತು ಓಗಿದ್ದೀರಿ ಅಂತ ಅವಳಿಗೇನು ಗೊತ್ತು!"

ಊರ ರಸ್ತೆ ಮುಗಿದು ಹೆದ್ದಾರಿಯ ಗೇಟು ಬಂತು. ನೇರಳೆ ಬೋರ್ಡಿನ ಗೇಟು ಕಾರ್ಡಿನವರಿಗೆ, ಹಸಿರು ಬೋರ್ಡಿನದು ಉಳಿದವರಿಗೆ ಎಂದು ಸೋಮಶೇಖರ್ ಹಿಂದಿನ ದಿನವೇ ಬಸ್ಸಿನಲ್ಲಿ ವಿವರಿಸಿದ್ದ. ಪ್ರಭುಸ್ವಾಮಿಯವರು ಹಸಿರು ಗೇಟಿಗೇ ನುಗ್ಗಿ, ಕಿಟಕಿ ಇಳಿಸಿ, ನೋಟು ಹಿಡಿದು ಕೈ ಚಾಚಿದರು. ಅಲ್ಲಿ ಮನುಷ್ಯರೇ ಇಲ್ಲ! ಒಂದು ಯಂತ್ರ ನಾಲಿಗೆ ಚಾಚಿದಂತೆ ಒಂದು ಟಿಕೆಟ್ ಹೊರಹಾಕಿತು. ನೋಟನ್ನು ಅದು ಮೂಸಿಯೂ ನೋಡಲಿಲ್ಲ. ಟಿಕೆಟ್ ಎಳೆದುಕೊಂಡದ್ದೇ ತಡ, ಅಡ್ಡಗೋಲು ಎದ್ದು ದಾರಿ ಬಿಟ್ಟಿತು.

"ಕಾಸೇ ಕೇಳ್ಲಿಲ್ವಲ್ರೀ!"

"ದೊಡ್ಡ ದೇಶ ಕಣೆ. ಇಟ್ಕೋ ಇದನ್ನ."

"ಓ, ಫ್ರೀ ಟಿಕೆಟ್ಟಾ! ನಮ್ಮೂರ್ ಬಸ್ಸಲ್ಲಿ ಹೆಂಗಸ್ರಿಗೆ ಕೊಡೋ ಅಂಗೆ. ನಂದು ಬಂತು ಬುಡಿ. ನಿಮ್ದೆಲ್ಲಿ?"

"ಸುಮ್ನೆ ಇಟ್ಕೊಳೇ!"

ಈ ಟಿಕೆಟ್ಟನ್ನು ಹೆದ್ದಾರಿಯಿಂದ ಇಳಿಯುವ ಗೇಟಿನಲ್ಲಿ ತೋರಿಸಬೇಕು, ಎಲ್ಲಿ ಹತ್ತಿದ್ದು ಎಂದು ನೋಡಿ ಅಲ್ಲೇ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಟಿಕೆಟ್ ಕಂಡ ಕೂಡಲೇ ಇದು ಪ್ರಭುಸ್ವಾಮಿಯವರಿಗೆ ಹೊಳೆದಿತ್ತು. ಆ ಒಂದು ಮಾತನ್ನು ಪಕ್ಕಕ್ಕೆ ತಿರುಗಿ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಆದರೆ ಹೆಂಡತಿಗೆ ಬಿಡಿಸಿ ಹೇಳುವುದು ಅವರ ಜಾಯಮಾನವಲ್ಲ. ಸುನಂದಮ್ಮ ಟಿಕೆಟ್ಟನ್ನು ತೊಡೆಯ ಮೇಲಿದ್ದ ಕೋಡುಬಳೆ ಪೊಟ್ಟಣದ ಪಕ್ಕ ಇಟ್ಟುಕೊಂಡರು.

ರಸ್ತೆಯ ವಿಷಯ ಏನು ಹೇಳುವುದು! ಹಂಪ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ, ಒಕ್ಕಣೆಗೆ ಹರಡಿದ ಹುರುಳಿ ಇಲ್ಲ. ಹಾರನ್ ಹೊಡೆಯುವವರೇ ಇಲ್ಲ. ಪ್ರಭುಸ್ವಾಮಿಯವರು ಶಿಷ್ಟಾಚಾರಕ್ಕೆಂದು ಮುಂದಿನ ಕಾರಿಗೆ ಎರಡು ಸಲ ಹಾರನ್ ಹೊಡೆದಾಗ ಆ ಕಾರಿನವನು ಹೆದರಿ ದಾರಿ ಬಿಟ್ಟದ್ದಲ್ಲದೆ, ಅದರೊಳಗಿದ್ದವರೆಲ್ಲ ಇವರ ಕಾರಿಗೆ ಏನಾದರೂ ಆಗಿದೆಯೇ ಎಂದು ಕತ್ತು ಹೊರಳಿಸಿ ನೋಡಿದರು. ಆಮೇಲೆ ಇವರಿಗೇ ನಾಚಿಕೆಯಾಗಿ ಹಾರನ್ ಬಿಟ್ಟರು. ಹಾರನ್ ಇಲ್ಲದೆ, ಹಂಪ್ ಇಲ್ಲದೆ, ಬೈಗುಳವಿಲ್ಲದೆ ಕಾರು ಓಡಿಸುವುದು ಎಷ್ಟು ಆಯಾಸದ ಕೆಲಸ ಎಂದು ಅವರಿಗೆ ಅವತ್ತೇ ಗೊತ್ತಾದದ್ದು. ಎದ್ದಿರಲು ಕಾರಣವೇ ಇಲ್ಲ! ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಒಂದು ಇಚಿತ್ರ ನೋಡಿದ್ರಾ?" ಎಂದರು ಸುನಂದಮ್ಮ. "ಡಿವೈಡರ್‌ನಾಗೆ ಎಲ್ಲೂ ಗ್ಯಾಪೇ ಇಲ್ಲ. ಆಚೆ ಕಡೆ ಗದ್ದೆ ಅದೆ, ಈಚೆ ಕಡೆ ಊರದೆ. ರೈತರು ದಾಟೋದು ಎಂಗ್ರೀ?"

"ನಮ್ಮೋರಾಗಿದ್ರೆ ರಾತ್ರೋರಾತ್ರಿ ಒಡೆದು ದಾರಿ ಮಾಡ್ಕೊಂಡಿರೋರು. ಇವರಿಗೆ ಅಷ್ಟು ಬುದ್ಧಿ ಇಲ್ಲ ಬುಡು."

ಸ್ವಲ್ಪ ದೂರ ಹೋದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಒಂದು ವಿಶ್ರಾಂತಿ ತಾಣ ಬಂತು. ಹೋಟೆಲು, ಅಂಗಡಿ, ಶೌಚಾಲಯ, ಮರದಡಿ ಬೆಂಚು, ಸಣ್ಣ ಸಂತೆಯೇ ಅನ್ನಿ. "ಇಳಿ ಇಳಿ, ಮುಖ ತೊಳ್ಕೊಂಡು ಹೋಗೋಣ," ಎಂದು ಪ್ರಭುಸ್ವಾಮಿಯವರು ಶೌಚಾಲಯದ ಕಡೆ ಹೊರಟರು. ಅಲ್ಲಿ ಗೋಡೆಯ ಮೇಲೆ ಸಾಲಾಗಿ ಗುಂಡಿಗಳಿದ್ದವು. ಯಾವುದನ್ನು ಒತ್ತಿದರೆ ನೀರು ಬರುತ್ತದೆ, ಯಾವುದನ್ನು ಒತ್ತಿದರೆ ಎಲ್ಲಿಗೆ ಬರುತ್ತದೆ ಎಂಬ ಸಂಶೋಧನೆಯಲ್ಲಿ ಅವರಿಗೆ ಬಹಳ ಹೊತ್ತು ಹಿಡಿಯಿತು. ಪ್ಯಾಂಟು ಒದ್ದೆ ಮಾಡಿಕೊಂಡು ಹೊರಬಂದಾಗ ಸುನಂದಮ್ಮ ಕಾರಿನ ಪಕ್ಕ ಸಂತೃಪ್ತಿಯಿಂದ ನಿಂತಿದ್ದರು. ಕಾರಿನೊಳಗೆ ಒಂದು ಕೋಡುಬಳೆ ಚೂರೂ ಇರಲಿಲ್ಲ. ಜಪಾನಿನಲ್ಲಿ ಕಸ ಬಿಡಬಾರದು, ಬಿಟ್ಟರೆ ದೇಶದ ಮಾನ ಹೋಗುತ್ತದೆ ಎಂದು ಸೋಮಶೇಖರ್ ದಿನವೂ ಹೇಳುತ್ತಿದ್ದ. ಸುನಂದಮ್ಮ ಅದನ್ನು ಮನಸ್ಸಿಗೆ ತೆಗೆದುಕೊಂಡಿದ್ದರು.

"ನಮ್ಮ ಬಸ್ಸು ಈಗ ತಾನೇ ಓಯ್ತು ಕಣ್ರೀ. ಕೃಷ್ಣಕುಮಾರ್ ಹೆಂಡ್ತಿ ಕಿಟಕೀಲಿ ಕಂಡ್ಲು. ಕೈ ಬೀಸುದ್ಲು."

ಅಷ್ಟು ಕೇಳಿದ್ದೇ ಪ್ರಭುಸ್ವಾಮಿಯವರ ಆಯಾಸ ಹಾರಿಹೋಯಿತು. ಒದ್ದೆ ಪ್ಯಾಂಟಿನಲ್ಲೇ ಕೂತು ಕಾರನ್ನು ಚಿಮ್ಮಿಸಿದರು. ಗುಡ್ಡ, ಸುರಂಗ, ಸೇತುವೆ ಎಲ್ಲ ಹಿಂದೆ ಬಿದ್ದವು. ಕೊನೆಗೊಮ್ಮೆ ಫ್ಯಾಕ್ಟರಿ ಊರಿನ ಹೆಸರಿರುವ ದೊಡ್ಡ ಬೋರ್ಡು ಕಾಣಿಸಿತು. ಎಡಕ್ಕೆ ಇಳಿಯುವ ದಾರಿ. ದಾರಿಯ ತುದಿಯಲ್ಲಿ ಟೋಲ್ ಗೇಟಿನ ಹಸಿರು ದೀಪ.

"ಟಿಕೆಟ್ ಕೊಡು."

"ಯಾವ ಟಿಕೆಟ್ಟು?"

"ಮೆಷಿನ್ ಕೊಡ್ತಲ್ಲ, ಅದೇ."

"ಅದುನ್ನ ಕಸದ ಡಬ್ಬಕ್ಕೆ ಆಕ್ದೆನಲ್ಲ! ಕೋಡುಬಳೆ ಪುಡಿಯೆಲ್ಲ ಅದ್ರಲ್ಲೇ ಬಳುದು, ಮಡಿಸಿ, ಪೇಪರಿನ ಡಬ್ಬ ಯಾವ್ದು ಅಂತ ಚಿತ್ರ ನೋಡ್ಕೊಂಡು ಸರ್ಯಾಗಿ ಆಕಿದ್ದೀನಿ."

ಪ್ರಭುಸ್ವಾಮಿಯವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದೆ ಬರುತ್ತಿದ್ದ ಲಾರಿ ಮೆಲ್ಲಗೆ ದೀಪ ಮಿಟುಕಿಸಿತು. "ಟಿಕೆಟ್ ಎಸೆದೆಯಾ! ಯಾಕೇ ಎಸೆದೆ?"

"ಇಳುದ್ ಮ್ಯಾಲೆ ಟಿಕೆಟ್ ಏನ್ಕ್ರೀ? ಕೆ.ಆರ್. ನಗರದಲ್ಲಿ ಬಸ್ ಇಳುದ್ ಮ್ಯಾಲೆ ಟಿಕೆಟ್ಟ ಯಾರಾದ್ರೂ ಪೆಟ್ಟಿಗೇಲಿ ಮಡಿಕ್ಕೊಂತಾರಾ?"

"ನಾವೆಲ್ಲೇ ಇಳಿದ್ವಿ!"

"ನೀವೇ ತಾನೇ 'ಇಳಿ ಇಳಿ' ಅಂದದ್ದು?"

ಆ ಕ್ಷಣದಲ್ಲಿ ಸುಮ್ಮನೆ ಎಡಕ್ಕೆ ಹೊರಳಿ, ಗೇಟಿಗೆ ಹೋಗಿ, 'ಟಿಕೆಟ್ ಕಳೆದಿದೆ' ಎಂದು ಹೇಳಬಹುದಿತ್ತು. ಬುದ್ಧಿಯುಳ್ಳ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಪ್ರಭುಸ್ವಾಮಿಯವರ ಕಣ್ಣ ಮುಂದೆ ಬಂದದ್ದು ಬೇರೆ ಚಿತ್ರ. ಚೆಕಿಂಗ್ ಇನ್ಸ್‌ಪೆಕ್ಟರು ಬಸ್ಸು ಹತ್ತಿ, ಟಿಕೆಟ್ ಇಲ್ಲದವನನ್ನು ಕೆಳಗಿಳಿಸಿ, ಎಲ್ಲರೆದುರು ಮಾನ ಕಳೆಯುವ ಚಿತ್ರ. ಅದನ್ನು ಕಿಟಕಿಯಿಂದ ನೋಡಿ ನಗುತ್ತಿರುವ ಕೃಷ್ಣಕುಮಾರ್! ಸನ್ಮಾನಕ್ಕೆಂದು ಬಂದವನು ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಎಂದರೆ ಸಾಲಿಗ್ರಾಮದಲ್ಲಿ ತಲೆಯೆತ್ತಿ ತಿರುಗುವುದುಂಟೇ? ಕೈ ಬಲಕ್ಕೆ ತಿರುಗಿಯೇಬಿಟ್ಟಿತು. ಫ್ಯಾಕ್ಟರಿ ಊರು ಎಡಗಡೆ ಕಾಣುತ್ತ ಕಾಣುತ್ತ ಹಿಂದೆ ಸರಿಯಿತು.

"ರೀ! ಅಲ್ಲೇ ಇತ್ತು! ಬುಟ್ಟೇಬುಟ್ರಲ್ಲ!"

"ವಾಪಸ್ ಹೋಗಿ ಟಿಕೆಟ್ ಹುಡುಕ್ಕೊಂಡು ಬರೋಣ. ಒಂದು ಯು-ಟರ್ನ್ ಹೊಡೆದರೆ ಆಯ್ತು."

ಯು-ಟರ್ನ್! ಆ ರಸ್ತೆಯಲ್ಲಿ! ಡಿವೈಡರ್ ಮುಗಿಯುವುದನ್ನೇ ಕಾಯುತ್ತ ಪ್ರಭುಸ್ವಾಮಿಯವರು ಓಡಿಸಿದರು, ಓಡಿಸಿದರು. ಅದು ಮುಗಿಯಲಿಲ್ಲ. ಇಳಿಯುವ ದಾರಿಗಳು ಬಂದವು. ಪ್ರತಿ ದಾರಿಯ ತುದಿಯಲ್ಲೂ ಒಂದು ಗೇಟು, ಪ್ರತಿ ಗೇಟಿನಲ್ಲೂ ಟಿಕೆಟ್. ಅವರು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಮುಂದೆ ಹೋದರು. ಕೊನೆಗೆ ಫೋನಿನ ನಕ್ಷೆ ನೋಡಿ ಸುನಂದಮ್ಮನೇ ಒಂದು ಉಪಾಯ ಹೇಳಿದರು. ಮುಂದೆ ಇನ್ನೊಂದು ಹೆದ್ದಾರಿ ಬಂದು ಸೇರುತ್ತದೆ. ಅದಕ್ಕೆ ಹೊರಳಿ, ಸುತ್ತು ಹಾಕಿ, ಮತ್ತೊಂದು ಕಡೆ ಹೊರಳಿದರೆ ಇದೇ ರಸ್ತೆಯ ವಾಪಸ್ ಬದಿಗೆ ಬರಬಹುದು. ಗೇಟೇ ಸಿಗುವುದಿಲ್ಲ.

"ಭೇಷ್!" ಎಂದರು ಪ್ರಭುಸ್ವಾಮಿ. ಆ ಸುತ್ತು ನಕ್ಷೆಯಲ್ಲಿ ಹೆಬ್ಬೆರಳಿನಷ್ಟಿತ್ತು. ರಸ್ತೆಯ ಮೇಲೆ ಎಷ್ಟಿದೆ ಎಂದು ಇಬ್ಬರೂ ಯೋಚಿಸಲಿಲ್ಲ.

ಸೋಮಶೇಖರನ ಫೋನು ಬಂತು. "ಸಾರ್, ನಾವು ಬಂದ್ವಿ. ನೀವು ಗೇಟಲ್ಲಿ ಕೈ ಬೀಸ್ತೀನಿ ಅಂದ್ರಿ, ಕಾಣ್ತಾನೇ ಇಲ್ವಲ್ಲ ಸಾರ್?"

"ಇಲ್ಲೇ ಅತ್ರದಲ್ಲೇ ಇದೀವಿ ಕಣಯ್ಯ. ಊರು ನೋಡ್ತಾ ಇದೀವಿ."

ಅದೇನೂ ಸುಳ್ಳಲ್ಲ. ಒಂದಾದ ಮೇಲೊಂದು ಊರು ನೋಡುತ್ತಲೇ ಇದ್ದರು. ಒಂದೂರಿಗೂ ಇಳಿಯುವಂತಿರಲಿಲ್ಲ ಅಷ್ಟೇ. ಮುಂದಿನ ಫೋನು ಬಂದಾಗ ಸುರಂಗದೊಳಗಿದ್ದರು. ಅದರ ಮುಂದಿನದಕ್ಕೆ ಪ್ರಭುಸ್ವಾಮಿಯವರು ಉತ್ತರ ಕೊಡಲಿಲ್ಲ. ಅವರ ಸೊಂಟ ನೋಯತೊಡಗಿತ್ತು. ಕುತ್ತಿಗೆ ಮರಗಟ್ಟಿತ್ತು. ಕಾರಿನೊಳಗಿನ ಹೆಣ್ಣುಮಗಳು ಅಷ್ಟು ಹೊತ್ತೂ ದಾರಿ ಹೇಳಿ ಹೇಳಿ ಈಗ ಸುಮ್ಮನಾಗಿದ್ದಳು. ಅವಳಿಗೂ ಸಾಕಾಗಿರಬೇಕು ಎಂದು ಸುನಂದಮ್ಮ ಮರುಗಿದರು.

ಹೊತ್ತು ನೆತ್ತಿ ದಾಟಿದ ಮೇಲೆ ಆ ವಿಶ್ರಾಂತಿ ತಾಣ ಮತ್ತೆ ಕಾಣಿಸಿತು! ಅದೇ ಹೆಸರು, ಅದೇ ಹೋಟೆಲು, ಅದೇ ಬೆಂಚು. ಪ್ರಭುಸ್ವಾಮಿಯವರಿಗೆ ತವರಿಗೆ ಬಂದಷ್ಟು ಆನಂದವಾಯಿತು. ಕಾರು ನಿಲ್ಲಿಸಿದವರೇ ಅಂಗಿಯ ತೋಳು ಮೇಲೇರಿಸಿ ಕಸದ ಡಬ್ಬಗಳ ಕಡೆ ನಡೆದರು. ಸಾಲಾಗಿ ಡಬ್ಬಗಳು. ಪೇಪರಿನ ಡಬ್ಬ ಹುಡುಕಿ ಅದರ ಬಾಯಿಗೆ ಭುಜದವರೆಗೂ ಕೈ ತೂರಿಸಿದರು. ಕಾಗದದ ಲೋಟ ಬಂತು, ಕರಪತ್ರ ಬಂತು, ಯಾರೋ ಚೆನ್ನಾಗಿ ಮಡಿಸಿ ಹಾಕಿದ್ದ ಪೇಪರು ಬಂತು. ಟಿಕೆಟ್ ಬರಲಿಲ್ಲ. ಜಪಾನಿ ಕುಟುಂಬವೊಂದು ಐಸ್‌ಕ್ರೀಮು ತಿನ್ನುವುದನ್ನು ನಿಲ್ಲಿಸಿ ನೋಡತೊಡಗಿತು. ಬಿಳಿ ಕೈಗವಸು ಹಾಕಿದ್ದ ಒಬ್ಬ ಮುದುಕ ಬಂದು ಡಬ್ಬದ ಮುಚ್ಚಳ ತೆಗೆದುಕೊಟ್ಟು ಪಕ್ಕದಲ್ಲಿ ನಿಂತ. ಕೆ.ಆರ್. ನಗರ ತಾಲ್ಲೂಕಿನ ಅರ್ಧ ಗದ್ದೆಗೆ ಟಿಲ್ಲರ್ ಮಾರಿದ ಮಹಾಶಯರು ಡಬ್ಬದೊಳಗೆ ತಲೆಯಿಟ್ಟರು.

"ರೀ," ಎಂದು ಹಿಂದಿನಿಂದ ಸುನಂದಮ್ಮನ ದನಿ ಬಂತು. ಬಹಳ ಮೆಲ್ಲಗೆ. "ಈಚೆ ಬನ್ನಿ. ಇದಲ್ಲ."

"ಏನಿದಲ್ಲ?"

"ಅಲ್ನೋಡಿ."

ಅವರು ತೋರಿಸಿದ ಕಡೆ, ಹೆದ್ದಾರಿಯ ಆಚೆ ಬದಿಯಲ್ಲಿ, ಅದೇ ಹೆಸರಿನ, ಅದೇ ಹೋಟೆಲಿನ, ಅದೇ ಬೆಂಚಿನ ಇನ್ನೊಂದು ತಾಣವಿತ್ತು. ಬೆಳಿಗ್ಗೆ ಇಳಿದದ್ದು ಅಲ್ಲಿ. ಹೋಗುವವರಿಗೊಂದು, ಬರುವವರಿಗೊಂದು ಎಂದು ಈ ಪುಣ್ಯಾತ್ಮರು ಎರಡು ಕಟ್ಟಿದ್ದರು. ಕಸದ ಡಬ್ಬ ಕೂಗಳತೆಯಲ್ಲೇ ಕಾಣುತ್ತಿತ್ತು. ನಡುವೆ ಹೆದ್ದಾರಿ, ಬೇಲಿ, ಗ್ಯಾಪಿಲ್ಲದ ಡಿವೈಡರು.

ಪ್ರಭುಸ್ವಾಮಿಯವರು ಬೆಂಚಿನ ಮೇಲೆ ಕುಸಿದು ಕೂತರು. ಸುನಂದಮ್ಮನೂ ಪಕ್ಕದಲ್ಲಿ ಕೂತರು, ಈ ಸಲ ಅಂಚಿನಲ್ಲಲ್ಲ, ಪೂರಾ ಕೂತರು. ನೆರಿಗೆ ಆಗಲೇ ಮುದುಡಿಹೋಗಿತ್ತು. ಮುಡಿದ ಮಲ್ಲಿಗೆ ಪ್ಲಾಸ್ಟಿಕ್ಕಿನದಾದ್ದರಿಂದ ಅದೊಂದು ಬಾಡಿರಲಿಲ್ಲ.

"ಇನ್ನೊಂದು ಸುತ್ತು ಹಾಕಿದ್ರೆ ಆ ಕಡೆಗೆ ಹೋಗಬಹುದು," ಎಂದರು ಪ್ರಭುಸ್ವಾಮಿ. ಅವರ ದನಿಯಲ್ಲಿ ಅವರಿಗೇ ನಂಬಿಕೆಯಿರಲಿಲ್ಲ.

ಸುನಂದಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. "ನಾಟಿ ಕಾಲದಲ್ಲಿ ನಸುಕಿಗೇ ಫೋನ್ ಎತ್ತೋಳು ನಾನು," ಎಂದರು. "ಟಿಲ್ಲರ್ ಬೆಲ್ಟ್ ಕಿತ್ತೋಯ್ತು ಅಂದ್ರೆ ಬೆಲ್ಟು, ಬ್ಲೇಡ್ ಮುರಿತು ಅಂದ್ರೆ ಬ್ಲೇಡು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ತೆಗುದ್ ಕೊಡೋಳೂ ನಾನೇ. ಮೈಸೂರಲ್ಲಿ ನಿಮಗೆ ಸನ್ಮಾನ ಆದಾಗ್ಲೆಲ್ಲ ನಾನು ಕೆಳಗೆ ಕುಂತು ಚಪ್ಪಾ‍ಳೆ ಒಡ್ದೆ. ಅದಕ್ಕೇನೂ ಬೇಜಾರಿಲ್ಲ. ಈ ಸಲ ಇಬ್ರುನ್ನೂ ಕರೀತಾರೆ ಅಂದ್ರಲ್ಲ, ಅದಕ್ಕೇ ಬಂದೆ ಕಣ್ರೀ. ಜಪಾನ್ ನೋಡಕ್ಕಲ್ಲ."

ಇಷ್ಟು ವರ್ಷ ಅಂಗಡಿಯ ಬೋರ್ಡಿನ ಮೇಲೆ ತಮ್ಮೊಬ್ಬರದೇ ಫೋಟೋ ಯಾಕಿದೆ ಎಂದು ಪ್ರಭುಸ್ವಾಮಿಯವರು ಒಂದು ದಿನವೂ ಯೋಚಿಸಿದವರಲ್ಲ. ಮಂಡಿಗೆ ಕೈಯೂರಿ ಎದ್ದರು. "ನಡಿ. ಮುಂದಿನ ಗೇಟಲ್ಲಿ ಇಳಿಯೋಣ. ಹಿಡ್ಕೊಂಡು ಜೈಲಿಗೆ ಹಾಕ್ತಾರಾ, ಹಾಕ್ಲಿ. ನಿನ್ನನ್ನಾದ್ರೂ ಫ್ಯಾಕ್ಟರಿಗೆ ಕಳಿಸಿ ಅಂತ ಕೇಳ್ತೀನಿ."

ಮುಂದಿನ ಗೇಟು ಬರುವವರೆಗೂ ಅವರು ಮನಸ್ಸಿನಲ್ಲೇ ಯುದ್ಧಕ್ಕೆ ತಯಾರಾದರು. ಯಾರ ಹೆಸರು ಹೇಳುವುದು? ಎಂಎಲ್‌ಎ ಗೊತ್ತು ಎನ್ನುವುದೇ? ಜೋರು ಮಾಡುವುದೇ, ಕಾಲು ಹಿಡಿಯುವುದೇ? ಗೇಟಿನ ಗೂಡಿನಲ್ಲಿ ಸಮವಸ್ತ್ರದ ಗುಮಾಸ್ತನೊಬ್ಬ ಕೂತಿದ್ದ. ಕಾರು ನಿಂತಿತು. ಗುಮಾಸ್ತ ಕೈ ಚಾಚಿದ. ಅಷ್ಟು ತಯಾರಿ ಮಾಡಿಕೊಂಡಿದ್ದ ಪ್ರಭುಸ್ವಾಮಿಯವರ ಬಾಯಿಂದ, ಊರಿನ ಟೋಲುಗಳಲ್ಲಿ ಕಿಟಕಿ ಇಳಿಸಿ ಹೇಳಿ ಹೇಳಿ ರೂಢಿಯಾಗಿದ್ದ ಆ ಒಂದೇ ಮಾತು ಹೊರಬಿತ್ತು.

"ಲೋಕಲ್!"

ಸುನಂದಮ್ಮ ಹಣೆ ಚಚ್ಚಿಕೊಂಡರು. ಗುಮಾಸ್ತನಿಗೆ ಅರ್ಥವಾಗಲಿಲ್ಲ. ಆತ ಫೋನು ತೆಗೆದು, ಭಾಷೆಗಳ ಪಟ್ಟಿ ತೋರಿಸಿ, ಸುನಂದಮ್ಮ ಬೆರಳಿಟ್ಟ ಭಾಷೆಗೆ ಬದಲಿಸಿ, ಅದರಲ್ಲಿ ಏನೋ ಹೇಳಿ ಇವರ ಕಡೆ ಹಿಡಿದ. ಫೋನು ಅಪ್ಪಟ ಗ್ರಾಂಥಿಕ ಕನ್ನಡದಲ್ಲಿ ನುಡಿಯಿತು: "ಮಾನ್ಯ ಗ್ರಾಹಕರೇ, ತಮ್ಮ ಪ್ರವೇಶ ಚೀಟಿಯನ್ನು ದಯಪಾಲಿಸಬೇಕಾಗಿ ವಿನಂತಿ."

ಜಪಾನಿನ ಟೋಲ್ ಗೇಟಿನಲ್ಲಿ ಕನ್ನಡ ಕೇಳಿ ಪ್ರಭುಸ್ವಾಮಿಯವರ ಕಣ್ಣು ತುಂಬಿ ಬಂತು. ಜೋರು ಮಾಡುವುದು ಮರೆತೇಹೋಯಿತು. ಸುನಂದಮ್ಮ ಅವರ ಮೇಲಿಂದ ಬಗ್ಗಿ, ಫೋನಿಗೆ ಬಾಯಿಟ್ಟು, ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ ಬಿಡಿಬಿಡಿಯಾಗಿ, "ಚೀಟಿಯನ್ನು ನಾನು ಕಸಕ್ಕೆ ಹಾಕಿದೆ. ನಾವು ನಗೋಯಾದಲ್ಲಿ ಹತ್ತಿದೆವು. ಇಳಿಯುವ ಊರು ಹಿಂದೆ ಹೋಯಿತು. ತಪ್ಪು ನನ್ನದು," ಎಂದರು.

"ಇಲ್ಲ ಇಲ್ಲ, ತಪ್ಪು ನಂದು. ನಾನು ಅವಳಿಗೆ ಹೇಳ್ಲೇ ಇಲ್ಲ," ಎಂದು ಪ್ರಭುಸ್ವಾಮಿಯವರು ನಡುವೆ ಕೂಗಿದರು. ಮದುವೆಯಾದಾಗಿನಿಂದ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಅದಕ್ಕೆ ಜಪಾನಿ ಫೋನೊಂದು ಸಾಕ್ಷಿಯಾಯಿತು.

ಗುಮಾಸ್ತ ಕೇಳಿಸಿಕೊಂಡ. ಎದ್ದು ನಿಂತ. ಈಗ ಸೀಟಿ ಊದುತ್ತಾನೆ, ಪೊಲೀಸರನ್ನು ಕರೆಯುತ್ತಾನೆ ಎಂದು ಇಬ್ಬರೂ ಉಸಿರು ಬಿಗಿಹಿಡಿದರು. ಆತ ಬಗ್ಗಿ ನಮಸ್ಕಾರ ಮಾಡಿದ! ಫೋನು ಹೇಳಿತು: "ತಮಗೆ ಉಂಟಾದ ತೊಂದರೆಗೆ ಕ್ಷಮೆಯಿರಲಿ. ತಮ್ಮ ಮಾತು ಸಾಕು. ಇಳಿಯುವ ದ್ವಾರ ತಪ್ಪಿಹೋದವರು ಯಾವ ದ್ವಾರದಲ್ಲಿ ತಿಳಿಸಿದರೂ ಹಿಂದಕ್ಕೆ ಕಳುಹಿಸಿಕೊಡುವುದು ನಮ್ಮ ಪದ್ಧತಿ."

"ಯಾವ ಗೇಟಲ್ಲಿ ಹೇಳಿದ್ರೂನಾ?" ಎಂದರು ಸುನಂದಮ್ಮ, ಗಂಡನನ್ನೇ ನೋಡುತ್ತ.

"ಯಾವ ದ್ವಾರದಲ್ಲಿ ತಿಳಿಸಿದರೂ," ಎಂದಿತು ಫೋನು.

ಪಕ್ಕದ ಬಾಗಿಲೊಂದನ್ನು ತೆರೆಸಿ, ಕೈಯಲ್ಲಿ ಹೊಸ ಚೀಟಿ ಕೊಟ್ಟು, ಆತ ಅವರನ್ನು ಎದುರು ಬದಿಗೆ ತಿರುಗಿಸಿ ಕಳಿಸಿಕೊಟ್ಟ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಕಾರು ಹೊರಟ ಕೂಡಲೇ ಸುನಂದಮ್ಮ, ಹೆದ್ದಾರಿಯಲ್ಲಿ ದಾರಿ ತಪ್ಪಿತ್ತು, ಬರುತ್ತಿದ್ದೇವೆ ಎಂದು ಸೋಮಶೇಖರನಿಗೆ ಮೆಸೇಜು ಹಾಕಿದರು. ದಾರಿಯಲ್ಲಿ ಬೆಳಿಗ್ಗೆ ಇಳಿದಿದ್ದ ನಿಜವಾದ ವಿಶ್ರಾಂತಿ ತಾಣ ಎದುರಾದಾಗ ಪ್ರಭುಸ್ವಾಮಿಯವರ ಕಾಲು ಅಭ್ಯಾಸಬಲದಿಂದ ಸ್ವಲ್ಪ ಸಡಿಲವಾಯಿತು.

"ಸುಮ್ಕೆ ಓಡುಸ್ರೀ!" ಎಂದರು ಸುನಂದಮ್ಮ. ಹೊಸ ಚೀಟಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಫ್ಯಾಕ್ಟರಿ ಊರಿನ ಗೇಟಿನಲ್ಲಿ ಅದನ್ನು ಬಿಡಿಸಿಕೊಳ್ಳುವುದಕ್ಕೆ ಅಲ್ಲಿಯ ಗುಮಾಸ್ತ ಸ್ವಲ್ಪ ಬಲ ಹಾಕಬೇಕಾಯಿತು.

ಕಾರ್ಖಾನೆ ತಲುಪಿದಾಗ ಸಮಾರಂಭ ಮುಗಿದೇ ಹೋಗಿರುತ್ತದೆ, ಕೃಷ್ಣಕುಮಾರ್ ತಮ್ಮ ಫಲಕವನ್ನೂ ಇಸಿದುಕೊಂಡು ಫೋಟೋ ತೆಗೆಸಿಕೊಂಡಿರುತ್ತಾನೆ ಎಂದು ಪ್ರಭುಸ್ವಾಮಿಯವರು ಎದೆ ಗಟ್ಟಿ ಮಾಡಿಕೊಂಡಿದ್ದರು. ಆದದ್ದು ಅದಕ್ಕಿಂತ ಕಷ್ಟದ್ದು. ಗೇಟಿನ ಬಳಿ ಇಡೀ ಸಭೆ ಸಾಲಾಗಿ ನಿಂತಿತ್ತು! ಅಧ್ಯಕ್ಷರು, ಇಂಜಿನಿಯರುಗಳು, ಕೆಲಸಗಾರರು, ಅವರ ಪಕ್ಕದಲ್ಲಿ ಹಸಿವಿನಿಂದ ಕಂಗಾಲಾದ ಡೀಲರುಗಳು, ಡೀಲರುಗಳ ಹೆಂಡತಿಯರು.

"ನೀವು ಬರೋವರೆಗೂ ಶುರು ಮಾಡಲ್ಲ ಅಂದ್ಬಿಟ್ರು ಸಾರ್," ಎಂದು ಸೋಮಶೇಖರ್ ಅಳುವ ದನಿಯಲ್ಲಿ ಹೇಳಿದ. ಅವನ ಕೈಯ ಬಾವುಟವೂ ಜೋತುಬಿದ್ದಿತ್ತು. "ಊಟಾನೂ ಇಲ್ಲ."

ಹಸಿದವರ ನೋಟದಲ್ಲಿ ಏನೇನು ಇರುತ್ತದೋ ಅದೆಲ್ಲ ಕೃಷ್ಣಕುಮಾರ್ ಅವರ ನೋಟದಲ್ಲಿತ್ತು.

ನರೆಗೂದಲಿನ ಅಧ್ಯಕ್ಷರು ಮುಂದೆ ಬಂದು, ನಮ್ಮ ದೇಶದ ರಸ್ತೆ ಅತಿಥಿಗಳಿಗೆ ತೊಂದರೆ ಕೊಟ್ಟಿತು, ಕ್ಷಮಿಸಬೇಕು ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಪ್ರಭುಸ್ವಾಮಿಯವರಿಗೆ. ಅಂಥ ಹಿರಿಯರು ಬಗ್ಗಿರುವಾಗ ತಾವು ನೆಟ್ಟಗೆ ನಿಲ್ಲುವುದೇ? ಅವರೂ ಬಗ್ಗಿದರು. ಅತಿಥಿ ಬಗ್ಗಿದ್ದನ್ನು ಕಂಡು ಅಧ್ಯಕ್ಷರು ಇನ್ನಷ್ಟು ಬಗ್ಗಿದರು. ಬಿಡುವುದುಂಟೇ? ಸಾಲಿಗ್ರಾಮದ ಮಾನದ ಪ್ರಶ್ನೆ! ಪ್ರಭುಸ್ವಾಮಿಯವರು ತಮ್ಮ ಬೂಟಿನ ಲೇಸು ಕಾಣುವವರೆಗೆ ಬಗ್ಗಿದರು. ಬೆಳಗಿನಿಂದ ಸೀಟಿನಲ್ಲಿ ಮಡಿಸಿಕೊಂಡೇ ಇದ್ದ ಸೊಂಟದಲ್ಲಿ 'ಕಟಕ್' ಎಂದು ಏನೋ ಆಯಿತು. ಅಧ್ಯಕ್ಷರು ಎದ್ದರು. ಇವರು ಏಳಲಿಲ್ಲ.

"ಸಾರ್, ಸಾಕು ಸಾರ್, ಏಳಿ," ಎಂದು ಸೋಮಶೇಖರ್ ಪಿಸುಗುಟ್ಟಿದ.

"ಹಿಡ್ಕೊಂಡದೆ ಕಣಯ್ಯ," ಎಂದು ಉತ್ತರ ನೆಲದ ಕಡೆಯಿಂದ ಬಂತು.

ಅತಿಥಿಯ ಸಂಸ್ಕಾರ ಕಂಡು ಜಪಾನಿನವರು ಬೆರಗಾದರು. ಹಾಗೇ ಬಗ್ಗಿದ ಭಂಗಿಯಲ್ಲೇ ಪ್ರಭುಸ್ವಾಮಿಯವರನ್ನು ವೇದಿಕೆಗೆ ನಡೆಸಿಕೊಂಡು ಹೋದರು. ಪೇಟ ತೊಡಿಸಲು ಬಂದವನು ಮಂಡಿಯೂರಿ ತೊಡಿಸಿದ. ಶಾಲು ಬೆನ್ನಿನ ಮೇಲೆ ಮೇಜಿನ ಬಟ್ಟೆಯಂತೆ ಹರಡಿಕೊಂಡಿತು. ಅಧ್ಯಕ್ಷರು ಫಲಕವನ್ನು ಎರಡೂ ಕೈಯಲ್ಲಿ ಹಿಡಿದು, ಯಾರ ಕೈಗೆ ಕೊಡುವುದೆಂದು ಒಂದು ಕ್ಷಣ ನೋಡಿದರು. ಸುನಂದಮ್ಮ ಮುಂದೆ ಬಂದು ತೆಗೆದುಕೊಂಡರು. ಕ್ಯಾಮೆರಾಗಳು ಮಿಂಚಿದವು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಅದು ಪ್ರಭುಸ್ವಾಮಿಯವರಿಗೆ ಕೇಳಿಸಿತು ಅಷ್ಟೇ, ಕಾಣಿಸಿದ್ದು ವೇದಿಕೆಯ ಹಲಗೆ ಮತ್ತು ಪಕ್ಕದಲ್ಲಿ ಅಲುಗಾಡದೆ ನಿಂತಿದ್ದ ರೇಷ್ಮೆ ಸೀರೆಯ ಅಂಚು.

ವಾಪಸ್ ಬರುವಾಗ ಕಾರನ್ನು ಕಂಪನಿಯವರೇ ಒಯ್ದರು. ಪ್ರಭುಸ್ವಾಮಿಯವರು ಬಸ್ಸಿನ ಕೊನೆಯ ಉದ್ದ ಸೀಟಿನಲ್ಲಿ ಬೋರಲಾಗಿ ಮಲಗಿ ಬಂದರು.

ಊರಿಗೆ ಬಂದ ವಾರದಲ್ಲೇ ಆ ಫೋಟೋ ಸಾಲಿಗ್ರಾಮದ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಆಗಿ ನಿಂತಿತು. ಸುನಂದಮ್ಮ ಕತ್ತೆತ್ತಿ, ಫಲಕ ಎದೆಗೊತ್ತಿ ನಿಂತಿದ್ದಾರೆ. ಪಕ್ಕದಲ್ಲಿ ಪೇಟ ತೊಟ್ಟ ಪ್ರಭುಸ್ವಾಮಿಯವರು ಅವರ ಪಾದದ ಕಡೆ ಮುಖ ಮಾಡಿ ಬಗ್ಗಿದ್ದಾರೆ. ನೋಡಿದವರೆಲ್ಲ ಅಂಗಡಿಗೆ ಬಂದು, "ಏನ್ ವಿನಯ ಪ್ರಭಣ್ಣ ನಿಮ್ದು! ಜಪಾನ್‌ಗೆ ಓಗ್ಬಂದ್ ಮ್ಯಾಲೆ ಮನ್ಸ ಅಂದ್ರೆ ಇಂಗಿರ್ಬೇಕು!" ಎಂದು ಹೊಗಳಿ ಹೋದರು. ಸೊಂಟಕ್ಕೆ ಪಟ್ಟಿ ಬಿಗಿದು ಕೂತಿದ್ದ ಪ್ರಭುಸ್ವಾಮಿಯವರು ಎಲ್ಲರಿಗೂ ಸುಮ್ಮನೆ ತಲೆಯಾಡಿಸಿದರು.

ಕೊನೆಗೆ ಬೆಲ್ಟ್ ಕೊಳ್ಳಲು ಬಂದ ರೈತ ಪುಟ್ಟಮಲ್ಲಪ್ಪನವರು ಮಾತ್ರ ಸುನಂದಮ್ಮನನ್ನೇ ಕೇಳಿಬಿಟ್ಟರು. "ಅಲ್ಲಾ ಕಣಮ್ಮ, ನಿಮ್ಮೆಜಮಾನ್ರು ನೆಲ ಮುಟ್ಟೋ ಅಂಗೆ ಬಗ್ಗವ್ರೆ. ನೀವು ನೋಡುದ್ರೆ ಕಂಬ ನಿಂತಂಗೆ ನೆಟ್ಟುಗೆ ನಿಂತಿದೀರಿ. ಅಷ್ಟು ದೊಡ್ಡೋರ ಮುಂದೆ ನೀವೂ ವಸಿ ಬಗ್ಗಬಾರ್ದಾಗಿತ್ತಾ?"

ಸುನಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಹಲಗೆಯಿಂದ ಬೆಲ್ಟ್ ಎಳೆದು ಅವರ ಮುಂದಿಟ್ಟು ಹೇಳಿದರು:

"ಇಬ್ರೂ ಬಗ್ಗುದ್ರೆ ಫಲಕ ಇಡ್ಕೊಳೋರು ಯಾರು ಮಲ್ಲಪ್ಪೋರೆ?"